ಜೀಪಿಗೆ ಟರ್ಬೊ ಹಾಕಿಸುವ ಸದಸ್ಯರಲ್ಲಿ ಒಂದು ಅರಿಕೆ

ಕೊಯ್ಲಿನ ಗಲಾಟೆ ಒಂದು ಹಂತಕ್ಕೆ ಬಂದ ಮೇಲೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ, ಸ್ಪ್ರಿಂಕ್ಲರ್ ಪೈಪು, ಮೈಲುತುತ್ತದ ದಾಸ್ತಾನು ಇತ್ಯಾದಿ ವಿಚಾರಿಸಿ, ಕಾಫಿ ಕುಡಿಯುತ್ತ ಜೀಪಿನ ಮಾತಿಗೆ ಇಳಿಯುವುದು ವಾಡಿಕೆ. ಇತ್ತೀಚೆಗೆ ಆ ಮಾತು ಹೆಚ್ಚಾಗಿ ಟರ್ಬೊ ಸುತ್ತಲೇ ತಿರುಗುತ್ತಿದೆ. ಹಳೆಯ ಎಂಜಿನ್ನಿಗೆ ಟರ್ಬೊ ಕೂರಿಸಿದರೆ ಮೇಲಿನ ಪಟ್ಟೆಯಿಂದ ಲೋಡು ಎಳೆಯುವುದು ಎಷ್ಟು ಸಲೀಸು ಎಂಬುದನ್ನು ಹಾಕಿಸಿದವರು ಹೇಳುತ್ತಾರೆ, ಹಾಕಿಸದವರು ಬಾಯಿ ಬಿಟ್ಟು ಕೇಳುತ್ತಾರೆ. ವಾಹನ ರಿಪೇರಿ ಸಾಲಕ್ಕೆಂದು ಬಂದ ಅರ್ಜಿಗಳಲ್ಲಿ ಕೆಲವು ಇದೇ ಕೆಲಸಕ್ಕೆ ಎಂದು ನಮಗೆ ಗೊತ್ತು. ಅರ್ಜಿಯಲ್ಲಿ 'ಎಂಜಿನ್ ಕೆಲಸ' ಎಂದಷ್ಟೇ ಬರೆದಿರುತ್ತಾರೆ, ಇರಲಿ.

ಈ ಆಸೆ ತಪ್ಪಲ್ಲ. ಸಮುದ್ರ ಮಟ್ಟದಲ್ಲಿ ಗಾಳಿ ಒಂದು ಚದರ ಸೆಂಟಿಮೀಟರಿನ ಮೇಲೆ 1.03 ಕಿಲೋದಷ್ಟು ಒತ್ತಿದರೆ, 1,000 ಮೀಟರ್ ಎತ್ತರದಲ್ಲಿ ಒತ್ತುವುದು ಸುಮಾರು 0.92 ಕಿಲೋ ಮಾತ್ರ. ನಮ್ಮ ತೋಟಗಳಲ್ಲಿ ಅನೇಕವು ಆ ಎತ್ತರದ ಆಸುಪಾಸಿನಲ್ಲೇ ಇವೆ. ಗಾಳಿ ತೆಳುವಾದಷ್ಟೂ ಎಂಜಿನ್ನಿಗೆ ಉಸಿರು ಕಡಿಮೆ, ಬಲವೂ ಕಡಿಮೆ. ಹೊಗೆಯ ಬಿಸಿಯಲ್ಲೇ ಚಕ್ರ ತಿರುಗಿಸಿ ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಆ ಕೊರತೆಯನ್ನು ನೀಗುತ್ತದೆ. 1905ರಲ್ಲಿ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಪೇಟೆಂಟ್ ಪಡೆದ ಯುಕ್ತಿ ಇದು, ಹೊಸದೇನೂ ಅಲ್ಲ. ಆದರೆ ಟರ್ಬೊ ಎಂದರೆ ಬರೀ ಬಲ ಎಂದು ತಿಳಿದು ಗ್ಯಾರೇಜಿಗೆ ಹೋಗುವವರು ಒಂದು ಪ್ರಶ್ನೆಯನ್ನು ಕೇಳದೆಯೇ ವಾಪಸು ಬರುತ್ತಿದ್ದಾರೆ. 'ಇನ್ನು ಮೇಲೆ ನನ್ನ ಬ್ರೇಕಿಗೆ ವ್ಯಾಕ್ಯೂಮ್ ಎಲ್ಲಿಂದ ಬರುತ್ತದೆ?' ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆ ನಮಗೂ ಮೊದಲು ಹೊಳೆದಿರಲಿಲ್ಲ. ಪದವಿಗೆ ಭೌತಶಾಸ್ತ್ರ ಓದಿದವರು ನಾವು, ಹೊಳೆಯಬೇಕಾಗಿತ್ತು. ಹೊಳೆದದ್ದು ಎಡಗಡೆಯ ಸೀಟಿನಲ್ಲಿ ಕುಳಿತು, ದರೆ ಎದುರಿಗೆ ಬರುವುದನ್ನು ನೋಡುತ್ತಿದ್ದಾಗ.

ಕಳೆದ ಕೊಯ್ಲಿನಲ್ಲಿ ನಡೆದದ್ದು. ನಮ್ಮ ತರುಣ ಸದಸ್ಯರೊಬ್ಬರು ತಮ್ಮ ಪೆಟ್ರೋಲ್ ಜೀಪಿಗೆ ಟರ್ಬೊ ಹಾಕಿಸಿ ವಾರವಾಗಿತ್ತು. ಸಂಘದ ಲೆಕ್ಕದ ಕೆಲಸಕ್ಕೆಂದು ಅವರ ತೋಟಕ್ಕೆ ಹೋಗಿದ್ದ ನಮ್ಮನ್ನು ಮೇಲಿನ ಪಟ್ಟೆಗೆ ಕರೆದೊಯ್ದರು. ಅಲ್ಲಿ ಹಣ್ಣಿನ ಚೀಲ ಹೇರಿಕೊಂಡು, ಚೀಲಗಳ ಮೇಲೆ ಮೂವರು ಕೊಯ್ಲಿನ ಹೆಂಗಸರನ್ನೂ ಕೂರಿಸಿಕೊಂಡು, ಗುಡ್ಡದ ಓರೆ ಹತ್ತಿ ಆಚೆಗೆ ಇಳಿದು ಪಲ್ಪರ್ ಮನೆಗೆ ಬರುವ ದಾರಿ. "ಏನಣ್ಣ, ಹೆಂಗೆ ಹತ್ತುತ್ತೆ ನೋಡಿ, ಎರಡನೇ ಗೇರಲ್ಲೇ ಹೋಗ್ತಿದೀವಿ" ಎಂದರು. ಹೌದು, ಹತ್ತುತ್ತಿತ್ತು. ಅರ್ಧ ಏರಿನಲ್ಲಿ ಬಾನೆಟ್ಟಿನ ಕೆಳಗಿಂದ ಸುಯ್ ಎಂಬ ಸದ್ದು ಶುರುವಾಯಿತು. "ಅದು ಟರ್ಬೊ ಸದ್ದು" ಎಂದು ಅವರು ನಕ್ಕರು. ನಾವೂ ನಕ್ಕೆವು. ಓರೆಯ ನೆತ್ತಿ ದಾಟಿ ಇಳಿಜಾರಿಗೆ ತಿರುಗಿದಾಗ ಅವರು ಬ್ರೇಕ್ ಮೆಟ್ಟಿದರು. ಪೆಡಲ್ ಇಳಿಯಲಿಲ್ಲ, ಕಲ್ಲಿನ ಮೇಲೆ ಕಾಲಿಟ್ಟ ಹಾಗಿತ್ತಂತೆ. ಇನ್ನೊಮ್ಮೆ ಮೆಟ್ಟಿದರು, ಅಷ್ಟೇ ಗಟ್ಟಿ. ಆ ಹುಡುಗನ ಬುದ್ಧಿಯನ್ನು ಮೆಚ್ಚಲೇಬೇಕು, ಬಲಗಡೆಯ ಕಣಿವೆಯ ಕಡೆಗೆ ಬಿಡದೆ ಜೀಪನ್ನು ಎಡಕ್ಕೆ ತಿರುಗಿಸಿ ದರೆಗೆ ಒರೆಸಿ ನಿಲ್ಲಿಸಿದರು. ನಮಗೆ ಮಂಡಿ ತರಚಿತು. ಹಿಂದೆ ಕುಳಿತಿದ್ದ ಒಬ್ಬ ಹೆಂಗಸಿನ ಮುಂಗೈ ಮುರಿಯಿತು. ಆಸ್ಪತ್ರೆ ಖರ್ಚನ್ನು ಸದಸ್ಯರು ಕೊಟ್ಟರು, ಕೂಲಿಯನ್ನೂ ಕೊಟ್ಟರು. ಆದರೂ ಆ ಹೆಂಗಸು ಆ ಕೊಯ್ಲಿನಲ್ಲಿ ಮತ್ತೆ ಬುಟ್ಟಿ ಕಟ್ಟಲಾಗಲಿಲ್ಲ. ಲೋಡಿನ ಮೇಲೆ ಜನರನ್ನು ಕೂರಿಸಿದ್ದು ತಪ್ಪು. ನೋಡಿಯೂ ಸುಮ್ಮನಿದ್ದ ನಮ್ಮದೂ ಅದರಲ್ಲಿ ಪಾಲಿದೆ, ಅದನ್ನು ಇಲ್ಲಿ ಬರೆದೇ ಮುಂದೆ ಹೋಗುತ್ತೇವೆ.

ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಬೂಸ್ಟರಿನ ರಬ್ಬರ್ ಹೋಸು ಮ್ಯಾನಿಫೋಲ್ಡಿನ ಮೂತಿಯಿಂದ ಕಳಚಿ ನೇತಾಡುತ್ತಿತ್ತು. ಸುಯ್ ಎಂದದ್ದು ಟರ್ಬೊ ಅಲ್ಲ, ಆ ತೂತು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಬೂಸ್ಟರ್ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಇರುವ ದುಂಡನೆಯ ತಗಡಿನ ಡಬ್ಬಿಯೇ ಬೂಸ್ಟರ್. ಒಳಗೆ ಒಂದು ರಬ್ಬರ್ ಪರದೆ ಅದನ್ನು ಎರಡು ಕೋಣೆ ಮಾಡಿದೆ. ಎರಡರಲ್ಲಿಯೂ ಗಾಳಿಯನ್ನು ಎಳೆದು ಖಾಲಿ ಮಾಡಿಟ್ಟಿರುತ್ತದೆ. ನಾವು ಪೆಡಲ್ ಮೆಟ್ಟಿದಾಗ ಹಿಂದಿನ ಕೋಣೆಗೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಮುಂದೆ ಖಾಲಿ, ಹಿಂದೆ ಗಾಳಿ, ಆದ್ದರಿಂದ ಪರದೆ ಮುಂದಕ್ಕೆ ತಳ್ಳಲ್ಪಡುತ್ತದೆ. 8 ಅಂಗುಲ ಅಗಲದ ಪರದೆ, 18 ಅಂಗುಲ ಪಾದರಸದಷ್ಟು ವ್ಯಾಕ್ಯೂಮ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಆ ತಳ್ಳು ಸುಮಾರು 200 ಕಿಲೋ ಆಗುತ್ತದೆ. ಅಂದರೆ 50 ಕಿಲೋದ ನಾಲ್ಕು ಕಾಫಿ ಚೀಲ ನಮ್ಮ ಕಾಲಿನ ಜೊತೆಗೆ ಸೇರಿ ಒತ್ತಿದ ಹಾಗೆ. ವ್ಯಾಕ್ಯೂಮ್ ಇಲ್ಲದಿದ್ದರೆ ಆ ನಾಲ್ಕು ಚೀಲವೂ ಇಲ್ಲ, ಕಾಲು ಒಂದೇ.

ಪೆಟ್ರೋಲ್ ಎಂಜಿನ್ನಿನಲ್ಲಿ ಈ ವ್ಯಾಕ್ಯೂಮ್ ಪುಕ್ಕಟೆಯಾಗಿ ಸಿಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಮುಚ್ಚಿಕೊಳ್ಳುತ್ತದೆ, ಪಿಸ್ಟನ್ನುಗಳು ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ, ತಟ್ಟೆಯ ಆಚೆ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹುಟ್ಟುತ್ತದೆ. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿನಲ್ಲಿ 18ರಿಂದ 20 ಅಂಗುಲ ಕೊಡುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಇಳಿಯುತ್ತದೆ. ಹಾಗಾಗಿ ನಮ್ಮ ಎತ್ತರದಲ್ಲಿ ಟರ್ಬೊ ಇರಲಿ ಇಲ್ಲದಿರಲಿ, ಮೇಲೆ ಹೇಳಿದ 200 ಕಿಲೋ ಆಗಲೇ 170ರ ಹತ್ತಿರಕ್ಕೆ ಬಂದಿರುತ್ತದೆ. ಮಂಗಳೂರಿನಲ್ಲಿ ಬ್ರೇಕ್ ಚೆನ್ನಾಗಿತ್ತು, ಮನೆಗೆ ಬಂದರೆ ಯಾಕೋ ಗಟ್ಟಿ ಎನ್ನುವವರ ಅನುಮಾನ ಪೂರ್ತಿ ಭ್ರಮೆಯಲ್ಲ.

ಈಗ ಟರ್ಬೊ ಬಂತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಅದೇ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮಿನ ಬದಲು ಒತ್ತಡ ತುಂಬಿರುತ್ತದೆ, ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಎನ್ನೋಣ. ಈವರೆಗೆ ಎಳೆಯುತ್ತಿದ್ದ ಬಾಯಿ ಊದುವ ಬಾಯಿ ಆಯಿತು. ಹಾಗಂತ ಟರ್ಬೊ ಹಾಕಿದರೆ ಬ್ರೇಕೇ ಇರುವುದಿಲ್ಲ ಎಂದು ಕೆಲವರು ಹಬ್ಬಿಸುತ್ತಿರುವ ಮಾತೂ ಸುಳ್ಳು. ಬ್ರೇಕ್ ಮೆಟ್ಟುವ ಕಾಲು ಆಕ್ಸಿಲರೇಟರನ್ನು ಬಿಟ್ಟೇ ಬರಬೇಕು. ಬಿಟ್ಟೊಡನೆ ತಟ್ಟೆ ಮುಚ್ಚಿ, ಕ್ಷಣದಲ್ಲಿ ವ್ಯಾಕ್ಯೂಮ್ ಮರಳುತ್ತದೆ. ಜೊತೆಗೆ ಬೂಸ್ಟರಿನಲ್ಲಿ ಎರಡು ಮೂರು ಬಾರಿ ಮೆಟ್ಟುವಷ್ಟು ವ್ಯಾಕ್ಯೂಮ್ ಕೂಡಿಟ್ಟಿರುತ್ತದೆ. ಅದನ್ನು ಕಾಯುವುದು ಹೋಸಿನಲ್ಲಿಯೋ ಬೂಸ್ಟರಿನ ಮೂತಿಯಲ್ಲಿಯೋ ಇರುವ ಒಂದು ಚಿಕ್ಕ ಒನ್‌ವೇ ವಾಲ್ವ್. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಫುಟ್‌ವಾಲ್ವ್ ಸೋರಿದರೆ ಬೆಳಿಗ್ಗೆ ಪಂಪು ನೀರೆತ್ತದು, ಈ ವಾಲ್ವ್ ಸೋರಿದರೆ ಬೂಸ್ಟರಿನಲ್ಲಿ ಕೂಡಿಟ್ಟದ್ದು ಉಳಿಯದು.

ತಮಾಷೆಯೆಂದರೆ, ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸೋರುವ ವಾಲ್ವ್ ವರ್ಷಗಟ್ಟಲೆ ಬಯಲಾಗದು. ಮ್ಯಾನಿಫೋಲ್ಡ್ ಮತ್ತೆ ಮತ್ತೆ ಎಳೆಯುತ್ತಿರುವುದರಿಂದ ಸೋರಿದ್ದೆಲ್ಲ ತುಂಬಿಬರುತ್ತದೆ. ಹೋಸಿಗೂ ಹಾಗೆಯೇ, ಕ್ಲ್ಯಾಂಪ್ ಇಲ್ಲದಿದ್ದರೂ ನಡೆಯುತ್ತದೆ. ಎಳೆತವೇ ಅದನ್ನು ಮೂತಿಗೆ ಕಚ್ಚಿಸಿರುತ್ತದೆ. ಊದತೊಡಗಿದರೆ ಮಾತು ಬೇರೆ. ಬೋರ್ಡೋ ಸಿಂಪಡಿಸುವಾಗ ಕ್ಲ್ಯಾಂಪ್ ಸಡಿಲವಾದ ಹೋಸು ಕಳಚಿ ಮೈಯೆಲ್ಲ ನೀಲಿಯಾದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆ ಜೀಪಿನಲ್ಲಿ ಆದದ್ದು ಅದೇ. ಏರಿನಲ್ಲಿ ಒತ್ತಡ ಹೋಸನ್ನು ಕಳಚಿತು, ಗಡುಸಾಗಿದ್ದ ಹಳೆಯ ವಾಲ್ವ್ ಕೂಡಿಟ್ಟದ್ದನ್ನು ಹಿಡಿಯಲಿಲ್ಲ, ನೆತ್ತಿ ಮುಟ್ಟುವ ಹೊತ್ತಿಗೆ ಬೂಸ್ಟರ್ ಬರಿದಾಗಿತ್ತು. ಹೋಸು ಕಳಚದೆ ವಾಲ್ವ್ ಮಾತ್ರ ಕೆಟ್ಟಿದ್ದರೂ ಕೇಡೇ. ಆಗ ಒತ್ತಡ ಮುಂದಿನ ಕೋಣೆಗೇ ನುಗ್ಗಿ ಪರದೆಯನ್ನು ನಮ್ಮ ಕಾಲಿನ ವಿರುದ್ಧ ತಳ್ಳುತ್ತದೆ. ನಾಲ್ಕು ಚೀಲದ ಸಹಾಯ ಹೋಗಿ, ಚೀಲಗಳು ಎದುರು ಪಕ್ಷಕ್ಕೆ ಸೇರಿದ ಹಾಗೆ.

ಇದಕ್ಕಿಂತ ಅಪಾಯದ ಸಂದರ್ಭ ಇನ್ನೊಂದಿದೆ, ಅದನ್ನು ಯಾರೂ ಯೋಚಿಸಿದಂತಿಲ್ಲ. ಕಡಿದಾದ ಏರಿನ ಮಧ್ಯೆ, ಪೂರ್ತಿ ಆಕ್ಸಿಲರೇಟರಿನಲ್ಲಿ, ಚಕ್ರ ಜಾರಿಯೋ ಲೋಡು ಹೆಚ್ಚಾಗಿಯೋ ಎಂಜಿನ್ ನಿಂತುಬಿಟ್ಟರೆ? ಎಂಜಿನ್ ನಿಂತ ಮೇಲೆ ವ್ಯಾಕ್ಯೂಮ್ ಹುಟ್ಟದು. ಹಿಂದಕ್ಕೆ ಜಾರುವ ಜೀಪನ್ನು ಹಿಡಿಯಲು ಬೂಸ್ಟರಿನಲ್ಲಿ ಕೂಡಿಟ್ಟದ್ದೊಂದೇ ಗತಿ. ಐದು ನಿಮಿಷದ ಏರಿನಲ್ಲಿ ಅದು ಸೋರಿಹೋಗಿದ್ದರೆ ಹ್ಯಾಂಡ್‌ಬ್ರೇಕನ್ನೇ ನಂಬಬೇಕು. ನಮ್ಮ ಜೀಪುಗಳ ಹ್ಯಾಂಡ್‌ಬ್ರೇಕಿನ ಸ್ಥಿತಿ ಅವರವರಿಗೆ ಗೊತ್ತು.

ಡೀಸೆಲ್ ಜೀಪಿನ ಸದಸ್ಯರು ಇದು ತಮಗಲ್ಲ ಎಂದು ಪುಟ ತಿರುವಬಾರದು. ನಮ್ಮ ಕಡೆಯ ಡೀಸೆಲ್ ಜೀಪುಗಳಲ್ಲಿ ಬೂಸ್ಟರಿಗೆ ವ್ಯಾಕ್ಯೂಮ್ ಮ್ಯಾನಿಫೋಲ್ಡಿನಿಂದ ಬರುವುದಿಲ್ಲ. ಅಲ್ಲಿ ಅದು ಹುಟ್ಟುವುದೇ ಇಲ್ಲವಾದ್ದರಿಂದ ಡೈನಮೋ ಬೆನ್ನಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಕೂರಿಸಿರುತ್ತಾರೆ. ಆದ್ದರಿಂದ ಟರ್ಬೊ ಹಾಕಿದರೂ ಬ್ರೇಕಿನ ಎಳೆತಕ್ಕೆ ನೇರ ಬಾಧಕವಿಲ್ಲ, ಇದು ಡೀಸೆಲ್ಲಿನವರ ಪುಣ್ಯ. ಆದರೆ ಆ ಪಂಪಿಗೆ ಎಂಜಿನ್ನಿನ ಆಯಿಲ್ ಬೇಕು, ಟರ್ಬೊದ ಬೇರಿಂಗಿಗೂ ಬೇಕು. ಕೆಲಸ ಬೇಗ ಮುಗಿಸುವ ಆತುರದಲ್ಲಿ ಪಂಪಿನ ಸಣ್ಣ ಆಯಿಲ್ ಪೈಪಿಗೇ ಟೀ ಹಾಕಿ ಟರ್ಬೊಗೆ ಕೊಟ್ಟರೆ ಎರಡಕ್ಕೂ ಅರೆಹೊಟ್ಟೆ. ಪಂಪು ಸವೆದರೆ ವ್ಯಾಕ್ಯೂಮ್ ಕುಸಿಯುತ್ತದೆ. ಬೆಲ್ಟ್ ಹರಿದರೆ ಚಾರ್ಜಿನ ಜೊತೆಗೆ ಬ್ರೇಕಿನ ಸಹಾಯವೂ ಹೋಯಿತು. ಘಾಟಿಯಲ್ಲಿ ಚಾರ್ಜಿನ ಕೆಂಪು ದೀಪ ಹತ್ತಿದರೆ 'ಮನೆಗೆ ಹೋಗಿ ನೋಡೋಣ' ಎನ್ನುವ ಡ್ರೈವರುಗಳಿಗೆ ಸದಸ್ಯರು ಇದನ್ನು ಬಿಡಿಸಿ ಹೇಳಬೇಕು. ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಬಿಡುವ ಉಳಿತಾಯದ ಚಾಳಿಗಂತೂ ಬೂಸ್ಟರ್ ಇರುವ ವಾಹನದಲ್ಲಿ ಜಾಗವೇ ಇಲ್ಲ.

ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯ ಬಂದಾಗ ಹಿರಿಯ ಸದಸ್ಯರೊಬ್ಬರು, "ಏನಯ್ಯ ಕಾರ್ಯದರ್ಶಿ, ನಾವು ಬೂಸ್ಟರೇ ಇಲ್ಲದ ವಿಲ್ಲೀಸ್ ಜೀಪಲ್ಲಿ ಘಾಟಿ ಇಳಿದವರು. ಈಗಿನವರ ಕಾಲಲ್ಲಿ ಶಕ್ತಿ ಇಲ್ಲ ಅಂತ ಬರಿ" ಎಂದರು. ಎಲ್ಲರೂ ನಕ್ಕರು. ಅವರ ಮಾತಿನ ಮೊದಲ ಅರ್ಧ ನಿಜ. ಆದರೆ ಆ ಜೀಪಿನ ಪೆಡಲಿನ ಸನ್ನೆ, ಮಾಸ್ಟರ್ ಸಿಲಿಂಡರಿನ ಅಳತೆ ಎಲ್ಲವೂ ಬರಿಗಾಲಿನ ಬಲವನ್ನೇ ನಂಬಿ ಮಾಡಿದ್ದು. ಬೂಸ್ಟರ್ ಸಮೇತ ತಯಾರಾದ ವಾಹನದಲ್ಲಿ ಆ ಲೆಕ್ಕವೇ ಬೇರೆ. ಅದರ ಬೂಸ್ಟರ್ ಹೋದರೆ ಅದು ವಿಲ್ಲೀಸ್ ಆಗುವುದಿಲ್ಲ, ವಿಲ್ಲೀಸಿಗಿಂತ ಕಡೆಯಾಗುತ್ತದೆ. ಹಿರಿಯರು ಇದನ್ನು ಒಪ್ಪಿದರೋ ಇಲ್ಲವೋ ತಿಳಿಯದು, ಆದರೆ ಆಮೇಲೆ ಸುಮ್ಮನಾದರು.

ಇನ್ನು ಮಾಡಬೇಕಾದದ್ದೇನು? ಖರ್ಚಿನ ದೃಷ್ಟಿಯಿಂದ ನೋಡಿದರೆ ಟರ್ಬೊದ ಮುಂದೆ ಇದು ಚಿಲ್ಲರೆ. ಪೆಟ್ರೋಲ್ ಎಂಜಿನ್ನಾದರೆ ಹೊಸ ಒನ್‌ವೇ ವಾಲ್ವ್ ಹಾಕಿಸುವುದು ಮೊದಲ ಕೆಲಸ. ಒತ್ತಡ ತಡೆಯುವಂಥದೇ ಎಂದು ಕೇಳಿ ತರಬೇಕು. ಬೂಸ್ಟರ್ ಕಡೆಯಿಂದ ಬಾಯಲ್ಲಿ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ಇಷ್ಟು ಪರೀಕ್ಷೆಗೆ ಮೆಕ್ಯಾನಿಕ್ ಬೇಕಿಲ್ಲ. ಹೋಸು ಬ್ರೇಕ್ ಬೂಸ್ಟರಿಗೆಂದೇ ತಯಾರಾದ ದಪ್ಪ ಗೋಡೆಯದಾಗಿರಬೇಕು. ಮನೆಯಲ್ಲಿ ಉಳಿದಿರುವ ನೀರಿನ ಹೋಸು ಎಳೆತಕ್ಕೆ ಚಪ್ಪಟೆಯಾಗುತ್ತದೆ, ಟರ್ಬೊದ ಬಿಸಿಗೆ ಮೆತ್ತಗಾಗುತ್ತದೆ. ಎರಡು ತುದಿಗೂ ಕ್ಲ್ಯಾಂಪ್ ಬೇಕು, ಟರ್ಬೊದಿಂದ ದೂರವಾಗಿ ಹಾಯಿಸಬೇಕು.

ಗ್ಯಾರೇಜಿನಲ್ಲಿ ಎದುರಿಗೆ ನಿಂತು ನೋಡಬೇಕಾದದ್ದು ಇನ್ನೊಂದಿದೆ. ಟರ್ಬೊದ ಜೊತೆಗೆ ಬೂಸ್ಟ್ ಗೇಜು, ವೇಸ್ಟ್‌ಗೇಟು ಮುಂತಾದವಕ್ಕೆ ಸಣ್ಣ ಸಣ್ಣ ಪೈಪುಗಳು ಬೇಕಾಗುತ್ತವೆ. ಬ್ರೇಕಿನ ಹೋಸು ಕೈಗೆ ಹತ್ತಿರ ಸಿಗುವುದರಿಂದ ಅದನ್ನೇ ಕತ್ತರಿಸಿ ಟೀ ಹಾಕುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇದಕ್ಕೆ ಬಿಲ್‌ಕುಲ್ ಒಪ್ಪಬಾರದು. ಅವಕ್ಕೆ ಮ್ಯಾನಿಫೋಲ್ಡಿನಲ್ಲಿ ಬೇರೆ ಮೂತಿ ಮಾಡಿಸಬೇಕು. ಬ್ರೇಕಿನ ಹೋಸಿಗೆ ಸೇರಿಸಲು ಯೋಗ್ಯವಾದ ವಸ್ತು ಎಂದರೆ ವಾಲ್ವಿನಿಂದ ಬೂಸ್ಟರ್ ಕಡೆಗೆ ಒಂದು ವ್ಯಾಕ್ಯೂಮ್ ಗೇಜು, ಅದೂ ಬಿಗಿಯಾದ ಕ್ಲ್ಯಾಂಪಿನೊಂದಿಗೆ. ಟರ್ಬೊ ಹಾಕಿಸಿದವರೆಲ್ಲ ಬೂಸ್ಟ್ ಗೇಜನ್ನು ಕಣ್ಣೆದುರಿಗೆ ಕೂರಿಸಿಕೊಂಡಿದ್ದಾರೆ. ಬ್ರೇಕಿನ ಗೇಜ್ ಹಾಕಿಸಿದವರನ್ನು ನಾವು ಒಬ್ಬರನ್ನೂ ಕಂಡಿಲ್ಲ.

ಉದ್ದ ಏರುಗಳಿರುವ ತೋಟದವರು ವ್ಯಾಕ್ಯೂಮ್ ಟ್ಯಾಂಕೊಂದನ್ನು ಸೇರಿಸಬಹುದು. ಆದರೆ ಟ್ಯಾಂಕು ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಅದಕ್ಕಿಂತ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಮೇಲು. ವ್ಯಾಕ್ಯೂಮ್ ಇಳಿದಾಗ ತಾನೇ ಓಡಿ, ತುಂಬಿದಾಗ ತಾನೇ ನಿಲ್ಲುವ ಸ್ವಿಚ್ ಅದಕ್ಕಿರಬೇಕು. ಎಂಜಿನ್ ನಿಂತರೂ ಬ್ಯಾಟರಿಯಿಂದ ಓಡುವಂತೆ ವೈರಿಂಗ್ ಮಾಡಿಸಬೇಕು. ಕಂಪನಿಗಳೇ ಟರ್ಬೊ ಹಾಕಿ ಮಾರುವ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ ಕ್ಯಾಮ್‌ಷಾಫ್ಟಿನಿಂದ ತಿರುಗುವ ಪಂಪನ್ನೋ ಎಲೆಕ್ಟ್ರಿಕ್ ಪಂಪನ್ನೋ ಕೊಟ್ಟಿದ್ದಾರೆ. ಅವರು ಸುಮ್ಮನೆ ದುಡ್ಡು ಖರ್ಚು ಮಾಡುವವರಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡಿಗೆ ಅಡ್ಡಿ ಹಾಕುತ್ತದೆ. ಅಪಘಾತವಾದ ದಿನ ವಿಮೆಯವರು ಮೊದಲು ಬಾನೆಟ್ ಎತ್ತಿಸುತ್ತಾರೆ. ತೋಟದೊಳಗೇ ಓಡುವ ಜೀಪು ಎಂಬ ಸಮಾಧಾನ ತೋಟದ ಗೇಟಿನವರೆಗೆ ಮಾತ್ರ. ಟರ್ಬೊಗೆ ಕೈ ಹಾಕುವ ಮುಂಚೆ ಆರ್.ಟಿ.ಒ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳುವುದು ಲೇಸು.

ಸಾಲದ ವಿಚಾರದಲ್ಲಿ ಮಂಡಳಿಯಲ್ಲಿ ಎರಡು ಪಕ್ಷವಾಗಿದೆ. ಟರ್ಬೊಗೆ ಸಂಘದ ಹಣ ಒಂದು ಪೈಸೆಯೂ ಹೋಗಬಾರದು ಎಂಬುದು ಒಂದು ಪಕ್ಷ. ಸದಸ್ಯ ತನ್ನ ಜೀಪಿಗೆ ಏನು ಮಾಡಿಸಿದರೆ ನಮಗೇನು ಎಂಬುದು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಿಲ್ಲ. ಸಾಲ ಕೊಡದಿದ್ದರೆ ಟರ್ಬೊ ನಿಲ್ಲುವುದಿಲ್ಲ, ಉಳಿದ ದುಡ್ಡಿನಲ್ಲಿ ಕೆಲಸ ಇನ್ನಷ್ಟು ಅಗ್ಗವಾಗಿ ನಡೆಯುತ್ತದೆ, ಆಗ ಮೊದಲು ಬಿಟ್ಟುಹೋಗುವುದು ವಾಲ್ವು, ಕ್ಲ್ಯಾಂಪುಗಳೇ. ನಮಗೇನು ಎನ್ನುವವರು ಆ ಹೆಂಗಸಿನ ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿಲ್ಲ. ಕಾನೂನು ಒಪ್ಪುವ ಕೆಲಸಕ್ಕೆ ಸಾಲ ಕೊಡೋಣ, ಕೊನೆಯ ಕಂತನ್ನು ಮಾತ್ರ ವಾಹನವನ್ನು ಸಂಘದ ಅಂಗಳಕ್ಕೆ ತಂದು ಬ್ರೇಕ್ ಪರೀಕ್ಷೆ ಮಾಡಿಸಿದ ಮೇಲೆ ಬಿಡುಗಡೆ ಮಾಡೋಣ ಎಂಬುದು ನಮ್ಮ ಸಲಹೆ. ಮುಂದಿನ ಮಹಾಸಭೆಗೆ ಇದೇ ರೂಪದಲ್ಲಿ ನಿರ್ಣಯ ಬರಲಿದೆ. ಭಿನ್ನಾಭಿಪ್ರಾಯವುಳ್ಳವರು ಬರವಣಿಗೆಯಲ್ಲಿ ಕಳುಹಿಸಿದರೆ ಈ ಪತ್ರಿಕೆಯಲ್ಲೇ ಪ್ರಕಟಿಸುತ್ತೇವೆ.

ಅಲ್ಲಿಯವರೆಗೆ ಪ್ರತಿಯೊಬ್ಬರೂ, ಟರ್ಬೊ ಇರಲಿ ಇಲ್ಲದಿರಲಿ, ಮನೆಯಂಗಳದ ಸಮತಟ್ಟಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಎರಡು ಪರೀಕ್ಷೆ ಮಾಡಬಹುದು. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಮೆಟ್ಟಿ, ಗಟ್ಟಿಯಾದ ಮೇಲೆ ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ನಿಲ್ಲಿಸಿ, ಒಂದು ಬೀಡಿ ಸೇದುವಷ್ಟು, ಐದು ನಿಮಿಷ ಎನ್ನಿ, ಬಿಟ್ಟು ಮೆಟ್ಟಿ. ಮೊದಲ ಮೆಟ್ಟು ಮೆದುವಾಗಿರಬೇಕು. ಆಗಲೇ ಕಲ್ಲಿನಂತಿದ್ದರೆ ವಾಲ್ವೋ ಹೋಸೋ ಬೂಸ್ಟರೋ ಸೋರುತ್ತಿದೆ ಎಂದರ್ಥ. ಹಾಗಿರುವ ವಾಹನವನ್ನು ಲೋಡು ಹೇರದೆ, ನಿಧಾನವಾಗಿ ಸಂಘಕ್ಕೆ ತನ್ನಿ. ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ನಮ್ಮ ಮೆಕ್ಯಾನಿಕ್ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಇರುತ್ತಾರೆ. ಕ್ಲ್ಯಾಂಪುಗಳನ್ನು ಗೊಬ್ಬರದ ಕೌಂಟರಿನಲ್ಲಿ ತರಿಸಿಟ್ಟಿದ್ದೇವೆ.